ತುರ್ತುಪರಿಸ್ಥಿತಿಯ ಕಥನ: ಸ್ನೇಹಲತಾ ರೆಡ್ಡಿಯವರ ಸೆರೆಮನೆ ದಿನಚರಿ

1981ರ ಡಿಸೆಂಬರ್ 13ರಂದು ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಸೇನಾಡಳಿತ ಜಾರಿಯಾದಾಗ ಬೀದಿಗಳಲ್ಲಿ ಟ್ಯಾಂಕುಗಳು ನಿಂತವು. 1975ರ ಜೂನ್ 25ರಂದು ಭಾರತದಲ್ಲಿ ಘೋಷಿತವಾದ ತುರ್ತುಪರಿಸ್ಥಿತಿಗೆ ಸೇನೆಯ ಅಗತ್ಯವೇ ಬೀಳಲಿಲ್ಲ. ಪ್ರಭುತ್ವಕ್ಕೆ ಕಾನೂನೇ ಆಯುಧವಾಯಿತು. ಮೀಸಾ ಕಾಯಿದೆಯಡಿ ಬಂಧಿತರಿಗೆ ಕಾರಣವನ್ನೂ ತಿಳಿಸಬೇಕಿರಲಿಲ್ಲ. ಅಂಥ ಬಂಧನವನ್ನು ಪ್ರಶ್ನಿಸುವ ಹಕ್ಕನ್ನು ಕರ್ನಾಟಕದ್ದೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಮನ್ನಿಸಿದ್ದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ನಾಲ್ಕೇ ದಿನಗಳಲ್ಲಿ, ಮೇ 2ರಂದು, ಸ್ನೇಹಲತಾ ರೆಡ್ಡಿ ಬಂಧಿತರಾದರು. ಶಿವಮೊಗ್ಗ ಜಿಲ್ಲೆಯವರಾದ ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಚಲನಚಿತ್ರವಾದಾಗ ಚಂದ್ರಿಯಾಗಿ ಅಭಿನಯಿಸಿದವರು ಇವರೇ. (ಆ ಚಿತ್ರವನ್ನೂ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು.) ಬರೋಡಾ ಡೈನಮೈಟ್ ಪ್ರಕರಣದ ಶಂಕೆಯ ಮೇಲೆ ಹಿಡಿದಿದ್ದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಉಬ್ಬಸದಿಂದ ನರಳುತ್ತಲೇ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಕಳೆದರು. ಅಲ್ಲಿ ಇಂಗ್ಲಿಷಿನಲ್ಲಿ ಬರೆದ ದಿನಚರಿ, ತಮ್ಮ ಸಂಕಟದ ಜೊತೆಗೆ, ಹೆಸರಿಲ್ಲದ ಹೆಣ್ಣುಕೈದಿಗಳ ದಿನನಿತ್ಯದ ಅಪಮಾನವನ್ನೂ ದಾಖಲಿಸುತ್ತದೆ. ತುರ್ತುಪರಿಸ್ಥಿತಿಯ ಕಥನಗಳನ್ನು ನಾಯಕರ ಸೆರೆವಾಸವೇ ಆವರಿಸಿಕೊಂಡಿರುವಾಗ ಈ ಕಿರುಪಠ್ಯದ ಮಹತ್ವ ಇರುವುದು ಇಲ್ಲಿಯೇ.

1977ರ ಜನವರಿ 15ರಂದು ಅವರನ್ನು ಪೆರೋಲ್ ಮೇಲೆ ಬಿಡಲಾಯಿತು. 18ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. 20ರಂದು ಅವರು ತೀರಿಕೊಂಡರು.