ಗಡಿ ದಾಟಿ ಬಂದವರು ಮತ್ತು ವೈರಸ್: ನಂಬಿಕೆ ಎಷ್ಟು, ನಿಜ ಎಷ್ಟು?

ಊರಿಗೆ ಕಾಯಿಲೆ ಬಂದರೆ ಮೊದಲ ಗುಮಾನಿ ಹೊರಗಿನಿಂದ ಬಂದವರ ಮೇಲೆ. 2015ರಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ಸುಮಾರು 8.9 ಲಕ್ಷ ಜನ ಆಶ್ರಯ ಬೇಡಿ ಜರ್ಮನಿಗೆ ಬಂದಾಗಲೂ ಹೀಗೇ ಆಯಿತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ರಾಬರ್ಟ್ ಕೋಖ್ ಸಂಸ್ಥೆ ಸೋಂಕುಗಳ ವರದಿಯಲ್ಲಿ ನಿರಾಶ್ರಿತರ ಪ್ರಕರಣಗಳನ್ನು ಪ್ರತ್ಯೇಕವಾಗಿ ಗುರುತಿಸತೊಡಗಿತು. ಆ ನಿಗಾ ತೋರಿಸಿದ ಚಿತ್ರ ಜನರ ಗುಮಾನಿಗಿಂತ ಬೇರೆಯೇ ಆಗಿತ್ತು.

ತಪ್ಪು ಕಲ್ಪನೆ: ನಿರಾಶ್ರಿತರು ಬಂದರೆ ಅವರ ದೇಶದ ರೋಗವೂ ಜೊತೆಗೇ ಬರುತ್ತದೆ.
ಸತ್ಯ: 2013ರಲ್ಲಿ ಯುದ್ಧಪೀಡಿತ ಸಿರಿಯಾದಲ್ಲಿ ಪೋಲಿಯೊ ಮತ್ತೆ ಕಾಣಿಸಿಕೊಂಡಿತು. ಅಲ್ಲಿಂದ ಬಂದಿದ್ದ ಪುಟ್ಟ ಮಕ್ಕಳ ಆರುನೂರಕ್ಕೂ ಹೆಚ್ಚು ಮಲದ ಮಾದರಿಗಳನ್ನು ಜರ್ಮನಿ ಪರೀಕ್ಷಿಸಿತು. ಒಂದರಲ್ಲೂ ಕಾಡು ಪೋಲಿಯೊ ವೈರಸ್ ಇರಲಿಲ್ಲ.
ದಡಾರದ ಕಥೆ ಇನ್ನೂ ಕುತೂಹಲಕರ. 2014ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ಶುರುವಾದ ದಡಾರ ಮೊದಲು ಕಂಡದ್ದು ಆಶ್ರಯ ಕೋರಿ ಬಂದವರಲ್ಲೇ, ನಿಜ. ಆದರೆ ಅದು 1,200ಕ್ಕೂ ಹೆಚ್ಚು ಜನರಿಗೆ ಹರಡಿದ್ದು ನಗರದಲ್ಲಿ ಲಸಿಕೆಯಿಲ್ಲದ ಸ್ಥಳೀಯರು, ಅದರಲ್ಲೂ ವಯಸ್ಕರು, ಬಹಳ ಮಂದಿ ಇದ್ದುದರಿಂದ. ಲಸಿಕೆ ಆಗದಿದ್ದ ಒಂದೂವರೆ ವರ್ಷದ ಮಗುವೊಂದು 2015ರ ಫೆಬ್ರವರಿಯಲ್ಲಿ ತೀರಿಕೊಂಡಿತು. ಕಿಡಿ ಎಲ್ಲಿಂದಲೋ ಹಾರಿ ಬಂದಿರಬಹುದು, ಒಣಹುಲ್ಲು ಮಾತ್ರ ಮನೆಯದೇ.

ತಪ್ಪು ಕಲ್ಪನೆ: ಗಡಿಯಲ್ಲೇ ಎಲ್ಲರ ರಕ್ತ ಪರೀಕ್ಷಿಸಿದರೆ ಮುಗಿಯಿತು.
ಸತ್ಯ: ದಡಾರದ ವೈರಸ್ ಹೊಕ್ಕ ಮೇಲೆ ಗುಳ್ಳೆ ಏಳಲು ಸುಮಾರು ಎರಡು ವಾರ ಬೇಕು. ಗುಳ್ಳೆ ಕಾಣುವ ನಾಲ್ಕು ದಿನ ಮೊದಲೇ ಅದು ಇನ್ನೊಬ್ಬರಿಗೆ ಅಂಟಬಲ್ಲದು. ಇಂದಿನ ಪರೀಕ್ಷೆಗೆ ಸಿಗದದ್ದು ಮುಂದಿನ ವಾರ ನಿರಾಶ್ರಿತರ ಶಿಬಿರದಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ನಿಗಾ ಎಂದರೆ ಒಂದು ದಿನದ ತಪಾಸಣೆಯಲ್ಲ. ಜ್ವರ, ಗುಳ್ಳೆ, ಭೇದಿಗಳ ಲೆಕ್ಕ ದಿನವೂ ಇಡುವುದು, ಎರಡು ಪ್ರಕರಣ ಒಂದೇ ಕಡೆ ಕಂಡೊಡನೆ ಎಚ್ಚೆತ್ತುಕೊಳ್ಳುವುದು. ಜರ್ಮನಿಯಲ್ಲಿ ರೋಗಿಯ ಹೆಸರು ಸ್ಥಳೀಯ ಆರೋಗ್ಯ ಕಚೇರಿಯಲ್ಲೇ ಉಳಿಯುತ್ತದೆ. ರಾಷ್ಟ್ರೀಯ ಸಂಸ್ಥೆಗೆ ಹೋಗುವುದು ಹೆಸರಿಲ್ಲದ ಮಾಹಿತಿ.

ತಪ್ಪು ಕಲ್ಪನೆ: ಸೀತಾಳೆ ಸಿಡುಬು ಮಕ್ಕಳ ಕಾಯಿಲೆ, ದೊಡ್ಡವರಿಗೆ ಭಯವಿಲ್ಲ.
ಸತ್ಯ: ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟುವ ನಮಗೆ ಇದು ಪರಿಚಿತ ರೋಗ. ಉಷ್ಣವಲಯದ ದೇಶಗಳಲ್ಲಿ ಬಾಲ್ಯದಲ್ಲಿ ಇದರಿಂದ ತಪ್ಪಿಸಿಕೊಂಡು ದೊಡ್ಡವರಾಗುವವರು ಹೆಚ್ಚು. ಅಂಥವರು ಒಂದೇ ಸೂರಿನಡಿ ನೂರಾರು ಮಂದಿ ಮಲಗುವ ಶಿಬಿರ ಸೇರಿದಾಗ ರೋಗ ಬೇಗ ಹಬ್ಬುತ್ತದೆ. ಜರ್ಮನಿಯ ಶಿಬಿರಗಳಿಂದ ಹೆಚ್ಚಾಗಿ ವರದಿಯಾದ ಸೋಂಕುಗಳಲ್ಲಿ ಇದೂ ಒಂದು. ವಯಸ್ಕರಲ್ಲಿ ನ್ಯುಮೋನಿಯಾದ ಅಪಾಯ ಮಕ್ಕಳಿಗಿಂತ ಹೆಚ್ಚು. ಗರ್ಭಿಣಿಯರ ಬಗ್ಗೆ ವಿಶೇಷ ಎಚ್ಚರ ಬೇಕು.

ತಪ್ಪು ಕಲ್ಪನೆ: ಹೆಪಟೈಟಿಸ್ ಬಿ ಇದ್ದವರ ಜೊತೆ ಉಣ್ಣಬಾರದು.
ಸತ್ಯ: ನಮ್ಮಲ್ಲಿ ಎಲ್ಲವನ್ನೂ ‘ಕಾಮಾಲೆ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ. ಹೆಪಟೈಟಿಸ್ ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ. ಬಿ ಹರಡುವುದು ರಕ್ತ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ತಟ್ಟೆ ಲೋಟದಿಂದ ಅಲ್ಲ. ಹಸುಗೂಸಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ನಿಲ್ಲುತ್ತದೆ, ಎಷ್ಟೋ ವರ್ಷ ಸುಳಿವೂ ಕೊಡುವುದಿಲ್ಲ. ಗರ್ಭಿಣಿಯನ್ನು ಪರೀಕ್ಷಿಸುವುದು ಆಕೆಯನ್ನು ದೂರವಿಡಲು ಅಲ್ಲ. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಕೊಟ್ಟು ಸರಪಳಿ ಕಡಿಯಲು.

ಈ ನಿಗಾದ ಮೊದಲ ಫಲಾನುಭವಿ ಹೊಸದಾಗಿ ಬಂದವರೇ. ಲಸಿಕೆಯ ದಾಖಲೆ ಕಳೆದುಕೊಂಡವರನ್ನು ಲಸಿಕೆ ಪಡೆಯದವರೆಂದೇ ಎಣಿಸಿ, ಬಂದ ಕೆಲವೇ ದಿನಗಳಲ್ಲಿ ಲಸಿಕೆ ಹಾಕಿ ಎಂದು ಜರ್ಮನಿಯ ತಜ್ಞರು 2015ರಲ್ಲಿ ಹೇಳಿದರು. 2020ರ ಮಾರ್ಚ್ 1ರಿಂದ ಜಾರಿಯಾದ ಅಲ್ಲಿನ ದಡಾರ ಕಾನೂನು ಶಿಬಿರದಲ್ಲಿರುವವರಿಗೂ ಅನ್ವಯ, ಶಾಲೆಗೆ ಸೇರುವ ಜರ್ಮನ್ ಮಗುವಿಗೂ ಅನ್ವಯ. ಇಬ್ಬರಿಗೂ ಕೇಳುವ ಪ್ರಶ್ನೆ ಒಂದೇ: ಲಸಿಕೆ ಆಗಿದೆಯೇ?