ಮಲ್ಲಯ್ಯ ನಡಸ್ತಾನ ಖರೆ, ಚಪ್ಪಲಿ ನೀನ ನೋಡ್ಕೋಬೇಕು ತಮ್ಮಾ!

ಹೋಳಿ ಹುಣ್ಣಿಮೆಯ ಬಣ್ಣ ಇನ್ನೂ ಮೈಯಿಂದ ಪೂರ್ತಿ ಹೋಗಿರುವುದಿಲ್ಲ, ಅಷ್ಟರಲ್ಲೇ ಬಾಗಲಕೋಟೆ, ವಿಜಯಪುರ ಕಡೆಯ ಊರೂರಲ್ಲಿ ಶ್ರೀಶೈಲದ ಸುದ್ದಿ ಎದ್ದುಬಿಡುತ್ತದೆ. ಕಂಬಿ ಎಂದು ಹೊರಡುತ್ತದೆ? ಯಾರ್ಯಾರು ಹೊಂಟಾರ? ರೊಟ್ಟಿ ಬಡಿಯುವುದು ಯಾರ ಮನೆಯಲ್ಲಿ? ಚಹಾದಂಗಡಿ, ಕಿರಾಣಿ ಅಂಗಡಿ, ಬಸ್ ನಿಲ್ದಾಣದ ಕಟ್ಟೆ, ಎಲ್ಲಿ ಕುಂತರೂ ಇದೇ ಮಾತು. ಯುಗಾದಿಗೆ ಮಲ್ಲಯ್ಯನ ಮುಂದೆ ನಿಲ್ಲಬೇಕೆಂದರೆ ಕೈಯಲ್ಲಿರುವುದು ಹದಿನೈದೇ ದಿನ. ನಡೆಯಬೇಕಾದದ್ದು 300 ಕಿಲೋಮೀಟರಿಗೂ ಹೆಚ್ಚು.

ಈ ಮಾತುಗಳ ನಡುವೆಯೇ ಪ್ರತಿ ವರ್ಷ ಒಬ್ಬ ಹೊಸಬ ಹುಟ್ಟುತ್ತಾನೆ. ಹಳಬರ ಕತೆ ಕೇಳಿ ಕೇಳಿ ಅವನಿಗೂ ಕಾಲು ತುರಿಸತೊಡಗುತ್ತದೆ. ಮೆಲ್ಲಗೆ ಕೇಳುತ್ತಾನೆ: "ಕಾಕಾ, ನನ್ನ ಕಡಿಂದ ಆಗತೈತೇನ್ರಿ?"

"ಯಾಕಾಗೂದಿಲ್ಲೋ ತಮ್ಮಾ! ಮಲ್ಲಯ್ಯ ನಡಸ್ತಾನ. ನೀ ಸುಮ್ನ ಬಾ."

ಮುಗಿಯಿತು. ಹೆಸರು ಸೇರಿತು. ಕರೆದವನಿಗೆ ಪುಣ್ಯ, ಬಂದವನಿಗೆ ಗುಳ್ಳೆ!

ಹುರುಪು ಸುಳ್ಳಲ್ಲ

ಹಳಬರು ಹೇಳುವ ಕತೆಯಲ್ಲಿ ಸುಳ್ಳಿಲ್ಲ. ಶ್ರೀಶೈಲ ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಹೋದದ್ದು ಅದೇ ಗಿರಿಗೆ. ಈಗ ಅದು ಆಂಧ್ರದಲ್ಲಿದೆ, 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ಆದರೆ ಯುಗಾದಿ ಬಂತೆಂದರೆ ಅಲ್ಲಿ ಕಿವಿಗೆ ಬೀಳುವುದು ಕನ್ನಡವೇ. ನಮ್ಮ ಮಂದಿಗೆ ಭ್ರಮರಾಂಬೆ ಮನೆಮಗಳು. ಮಗಳ ಮನೆಗೆ ಹೋದಂತೆ ಸೀರೆ, ಕುಬಸ, ಅರಿಷಿಣ ಕುಂಕುಮ ಒಯ್ಯುತ್ತಾರೆ.

ದಾರಿಯ ಸೊಗಸೂ ಹಾಗೆಯೇ. ಗುರುತಿಲ್ಲದ ಊರಿನವರು ಪೆಂಡಾಲು ಹಾಕಿ ಕಾಯುತ್ತಿರುತ್ತಾರೆ. ಮಜ್ಜಿಗೆ, ಅಂಬಲಿ, ಕಲ್ಲಂಗಡಿ, ಬಿಸಿ ಅನ್ನ ಸಾರು. ಕಾಲಿಗೆ ಎಣ್ಣೆ ತಿಕ್ಕಲು ಮುಂದೆ ಬರುವವರು ಬೇರೆ. ಊರಲ್ಲಿ ಕಾರಿನಲ್ಲಿ ಓಡಾಡುವ ಸಾಹುಕಾರನೂ ಅಲ್ಲಿ ಹಮಾಲನ ಪಕ್ಕದಲ್ಲೇ ಗೋಣಿಚೀಲ ಹಾಸಿ ಮಲಗುತ್ತಾನೆ. ಇದನ್ನು ಉಂಡವನು ಸುಮ್ಮನಿರುವುದು ಸಾಧ್ಯವೇ? ಇನ್ನೊಬ್ಬನಿಗೂ ಉಣಿಸಬೇಕು ಅನಿಸುತ್ತದೆ.

ತಪ್ಪು ಅದಲ್ಲ. ಮಜ್ಜಿಗೆಯ ಕತೆ ಹೇಳಿ ಗುಳ್ಳೆಯ ಕತೆ ನುಂಗುವುದು ತಪ್ಪು.

ಹೇಳದೆ ಬಿಡುವ ಮಾತು

ಹೊಸಬ ಮಾಡುವ ಮೊದಲ ಕೆಲಸವೆಂದರೆ ಪೇಟೆಗೆ ಹೋಗಿ ಹೊಸ ಬೂಟು ತರುವುದು. ಅದೇ ಅವನ ಮೊದಲ ಶತ್ರು. ಹೊಸ ಬೂಟು ಹಿಮ್ಮಡಿ ಕಚ್ಚಿ ಎರಡನೇ ದಿನಕ್ಕೇ ಗುಳ್ಳೆ ಏಳಿಸುತ್ತದೆ. ಕಾಲಿಗೆ ಹೊಂದಿಕೊಂಡ ಹಳೆಯ ಜೋಡೇ ಲೇಸು. ಕೊಳ್ಳಲೇಬೇಕೆಂದರೆ ತಿಂಗಳ ಮೊದಲೇ ಕೊಂಡು ಹಾಕಿ ಪಳಗಿಸಬೇಕು. ನಡೆದು ನಡೆದು ಪಾದ ಊದಿಕೊಳ್ಳುತ್ತದೆ, ಆದ್ದರಿಂದ ಬೆರಳ ಮುಂದೆ ಒಂದಿಷ್ಟು ಜಾಗ ಇರಲಿ. ಹತ್ತಿಯ ಕಾಲುಚೀಲ ಬೆವರಿಗೆ ತೋಯ್ದರೆ ಕೂಡಲೇ ಬದಲಿಸಬೇಕು. ಗುಳ್ಳೆ ಎದ್ದರೆ ಚರ್ಮ ಕಿತ್ತು ಹಾಕಬಾರದು, ಸ್ವಚ್ಛ ಪಟ್ಟಿ ಕಟ್ಟಬೇಕು.

ಎರಡನೆಯದು ಮೊದಲ ದಿನದ ಜೋರು. ಭಜನೆ, ಡೊಳ್ಳು, ಊರ ಮಂದಿಯ ಬೀಳ್ಕೊಡುಗೆ. ಆ ಕಾವಿನಲ್ಲಿ ಹೊಸಬ ಹಳಬರನ್ನೂ ಹಿಂದೆ ಹಾಕಿ ನಡೆಯುತ್ತಾನೆ. ಮರುದಿನ ಏಳಲಾರ. ಮಾರ್ಚ್ ಏಪ್ರಿಲ್ ಬಿಸಿಲು ನಮ್ಮ ಕಡೆ ಎಂಥದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ನಡೆದು, ಬಿಸಿಲೇರುವ ಮೊದಲು ನೆರಳು ಹಿಡಿದು, ಸಂಜೆ ತಂಪು ಹೊತ್ತಿಗೆ ಮತ್ತೆ ಹೊರಡುವುದು ಹಳಬರ ಲೆಕ್ಕ. ನೀರಡಿಕೆ ಆಗುವ ತನಕ ಕಾಯದೆ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ ಅದಕ್ಕೇ ಇರುವುದು.

ಮೂರನೆಯದು ಗುಳಿಗೆ. ದೇವರ ಕೆಲಸ ಅಂತ ಬಿಪಿ, ಸಕ್ಕರೆ ಕಾಯಿಲೆಯ ಔಷಧ ಬಿಟ್ಟು ಹೊರಡುವವರಿದ್ದಾರೆ. ಮಲ್ಲಯ್ಯ ಔಷಧ ಬಿಡು ಅಂದಿಲ್ಲ! ಸಕ್ಕರೆ ಕಾಯಿಲೆಯವರಿಗೆ ಪಾದದ ಗಾಯ ಬೇಗ ಮಾಯುವುದಿಲ್ಲ, ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ಅವರು ಡಾಕ್ಟರರನ್ನು ಕೇಳಿಯೇ ಹೊರಡಬೇಕು, ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು. ದಾರಿಯಲ್ಲಿ ಯಾರೋ ಕೊಟ್ಟ ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಗೆ ನುಂಗುವ ಚಾಳಿಯನ್ನಂತೂ ಎಲ್ಲರೂ ಬಿಡಬೇಕು.

ಎಲ್ಲಕ್ಕಿಂತ ದೊಡ್ಡದು ರಸ್ತೆ. ಕತ್ತಲಲ್ಲಿ ಹೆದ್ದಾರಿ ಹಿಡಿದು ನಡೆಯುವವರು ಲಾರಿ ಡ್ರೈವರನ ಕಣ್ಣಿಗೆ ಬೀಳುವುದು ಕಡೇ ಗಳಿಗೆಯಲ್ಲಿ. ಎದುರಿನ ಗಾಡಿ ಕಾಣುವಂತೆ ಬಲಬದಿಗೆ ನಡೆಯಬೇಕು. ಒಬ್ಬರ ಹಿಂದೊಬ್ಬರು ಸಾಲು ಹಿಡಿಯಬೇಕು. ಮುಂದೊಂದು, ಹಿಂದೊಂದು ಬ್ಯಾಟರಿ ಬೇಕು. ಚೀಲಕ್ಕೆ ಮಿಂಚುವ ಪಟ್ಟಿ ಅಂಟಿಸಲು ಎಷ್ಟು ಖರ್ಚು? ಒಂದು ಚಹಾದ್ದು, ಹೆಚ್ಚೆಂದರೆ ಎರಡರದ್ದು. ಭಜನೆಯ ಗುಂಗಿನಲ್ಲಿ ಡಾಂಬರಿನ ನಡುವೆ ಹೋಗುವ ಹೊಸಬನ ರಟ್ಟೆ ಹಿಡಿದು ಬದಿಗೆ ಎಳೆಯುವುದು ಕರೆತಂದವನ ಕೆಲಸ.

ಕಾಡಿನ ಪಾಠ

ಕರ್ನೂಲು ದಾಟಿ ಆತ್ಮಕೂರು ಮುಟ್ಟಿದ ಮೇಲೆ ದಾರಿಯ ಲೆಕ್ಕವೇ ಬೇರೆ. ವೆಂಕಟಾಪುರದಿಂದ ಮುಂದೆ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಆಮೇಲೆ ಕೈಲಾಸದ್ವಾರ. ಕಲ್ಲು, ಇಳಿಜಾರು, ಏರು. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಹೆಸರು 14ನೇ ಶತಮಾನದ ಪ್ರೋಲಯ ವೇಮಾರೆಡ್ಡಿಗಿದೆ. ಅಂದಿನಿಂದಲೂ ಯಾತ್ರಿಕರ ಮೊಣಕಾಲಿಗೆ ಈ ಬೆಟ್ಟದ ಪರಿಚಯವಿದೆ ಅಂದಾಯಿತು.

ಇಲ್ಲಿ ಹೊಸಬರು ಏಮಾರುವುದು ಒಂದೇ ವಿಷಯಕ್ಕೆ. ತಂಡದ ಟ್ರ್ಯಾಕ್ಟರ್, ಟೆಂಪೋ ಕಾಲುದಾರಿಗೆ ಬರುವುದಿಲ್ಲ. ಅವು ದೋರ್ನಾಳದ ಮೇಲಿಂದ ಸುತ್ತಿ ಹೋಗುತ್ತವೆ. ರೊಟ್ಟಿ, ನೀರು, ಗುಳಿಗೆ ಎಲ್ಲವನ್ನೂ ಗಾಡಿಗೆ ಹಾಕಿ ಕೈಬೀಸಿ ಕಾಡು ಹೊಕ್ಕವನು ನಡುವೆ ಬಾಯಿ ಬಿಡಬೇಕಾಗುತ್ತದೆ. ಎರಡು ಬಾಟಲಿ ನೀರು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಮುಷ್ಟಿ ಮಾದ್ಲಿ ಹೆಗಲ ಚೀಲದಲ್ಲೇ ಇರಲಿ.

ಇದು ಹುಲಿಗಳ ಕಾಡು ಕೂಡ. ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ದೇಶದ ಅತಿ ದೊಡ್ಡವುಗಳಲ್ಲಿ ಒಂದು. ಅರಣ್ಯ ಇಲಾಖೆ ಹೇಳಿದ ದಿನ, ಹೇಳಿದ ಹೊತ್ತಿನಲ್ಲೇ ಕಾಡು ಹೊಗಬೇಕು. ಒಬ್ಬೊಬ್ಬರೇ ಒಳದಾರಿ ಹಿಡಿಯಬಾರದು. ಬೀಡಿ ತುಂಡು ಎಸೆದರೆ ಒಣ ಕಾಡಿಗೆ ಬೆಂಕಿ, ಪ್ಲಾಸ್ಟಿಕ್ ಎಸೆದರೆ ಜಿಂಕೆಯ ಹೊಟ್ಟೆಗೆ ಕುತ್ತು. ಹೊಸಬ ಇದನ್ನು ಕಲಿಯುವುದು ಬೋರ್ಡು ಓದಿ ಅಲ್ಲ, ಮುಂದೆ ನಡೆಯುವವನ ಕೈ ನೋಡಿ.

ಬಸ್ ಹತ್ತಿದರೆ ಮಾನ ಹೋಗುವುದಿಲ್ಲ

ಇಷ್ಟೆಲ್ಲ ಮಾಡಿದರೂ ಕೆಲವರ ಕಾಲು ಸೋಲುತ್ತದೆ. ರಾಯಚೂರಿಗೇ ಸೋಲಬಹುದು, ಕರ್ನೂಲಿಗೂ ಸೋಲಬಹುದು. ಆಗ ಹೊಸಬನನ್ನು ಕಾಡುವುದು ಕಾಲುನೋವಲ್ಲ, ನಾಚಿಕೆ. ಊರ ಮಂದಿ ನಗತಾರ, ಹರಕೆ ಮುರೀತು ಅಂತಾರ. ಹೀಗೆ ಹೆದರಿ, ಜ್ವರ ಮುಚ್ಚಿಟ್ಟು, ಕುಂಟುತ್ತ ನಡೆದವನು ಕೊನೆಗೆ ಆಸ್ಪತ್ರೆ ಸೇರುತ್ತಾನೆ.

"ತಮ್ಮಾ, ಆಗಲಿಲ್ಲಂದ್ರ ಬಸ್ ಹತ್ತು. ಮಲ್ಲಯ್ಯ ಬಸ್ಸಿನ್ಯಾಗ ಬಂದವರಿಗೂ ಬಾಗಲಾ ತಗೀತಾನ." ಈ ಒಂದು ಮಾತನ್ನು ಹಳಬರು ಹೊರಡುವ ಮೊದಲೇ, ನಾಲ್ಕು ಜನರ ಎದುರಿಗೇ ಹೇಳಬೇಕು. ಮೊದಲೇ ಹೇಳಿದರೆ ಅದು ಧೈರ್ಯ, ಸೋತ ಮೇಲೆ ಹೇಳಿದರೆ ಬರೀ ಸಮಾಧಾನ. ಅಷ್ಟಕ್ಕೂ ಗಟ್ಟಿ ಕಾಲಿನವರೂ ತಿರುಗಿ ಊರಿಗೆ ಬರುವುದು ಬಹಳಷ್ಟು ಮಂದಿ ಬಸ್ಸಿನಲ್ಲೇ ಅಲ್ಲವೆ?

ಅಂಗಡಿಕಾರರಿಗೂ ಒಂದು ಮಾತು. ನಾಳೆ ನಡೆಯಲು ಹೊರಟವನು ಇವತ್ತು ಹೊಸ ಬೂಟು ಕೇಳಿದರೆ, ಮಾರುವ ಮುನ್ನ ಕಾಲುಚೀಲದ ಮಾತಾದರೂ ಹೇಳಿಕೊಡಿ. ಗಿರಾಕಿ ಮುಂದಿನ ವರ್ಷವೂ ಬರಬೇಕಲ್ಲ!

ಹತ್ತು ಸಲ ನಡೆದೆ, ಹದಿನೈದು ಸಲ ನಡೆದೆ ಎಂದು ಹಳಬರು ಲೆಕ್ಕ ಹೇಳುತ್ತಾರೆ. ಹೇಳಲಿ, ಅದು ಅವರ ಗಳಿಕೆ. ಅದರ ಜೊತೆ ಎಷ್ಟು ಹೊಸಬರನ್ನು ಕರೆದೊಯ್ದೆ, ಅವರಲ್ಲಿ ಎಷ್ಟು ಮಂದಿ ಸುಖವಾಗಿ ಮನೆ ಮುಟ್ಟಿದರು, ಎಷ್ಟು ಮಂದಿ ಮರುವರ್ಷ ತಾವಾಗಿಯೇ ಬಂದರು ಎಂಬ ಲೆಕ್ಕವನ್ನೂ ಕೂಡಿಸಲಿ. ಕಂಬಿ ಹೆಗಲಿಂದ ಹೆಗಲಿಗೆ ಬದಲಾಗುತ್ತ ಹೋಗುವುದರಿಂದಲೇ ಅಷ್ಟು ದೂರ ಮುಟ್ಟುತ್ತದೆ.