ಕುಡಿದವನ ಮಾತು

ಆಳುವವರು ತಾವು ಆಳಿದವರಿಗೆ ಕೊಟ್ಟ ಬಿರುದುಗಳಲ್ಲಿ ‘ಕುಡುಕರು’ ಎಂಬುದೂ ಒಂದು. ಇಂಗ್ಲಿಷರ ಕಣ್ಣಿಗೆ ಐರಿಷ್ ಜನ ಕುಡುಕರು. ಅಮೆರಿಕದ ಬಿಳಿಯರ ಕಣ್ಣಿಗೆ ಅಲ್ಲಿನ ಮೂಲನಿವಾಸಿಗಳು ಕುಡುಕರು. ಮೂಲನಿವಾಸಿಗಳಿಗೆ ಮದ್ಯ ಮಾರಕೂಡದೆಂಬ ಕಾನೂನು ಅಮೆರಿಕದಲ್ಲಿ 1953ರವರೆಗೂ ಇತ್ತು. ಆದರೆ ಅಲ್ಲಿನ ರಾಷ್ಟ್ರೀಯ ಸಮೀಕ್ಷೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ತಿಂಗಳಿಡೀ ಮದ್ಯ ಮುಟ್ಟದವರ ಪ್ರಮಾಣ ಬಿಳಿಯರಿಗಿಂತ ಮೂಲನಿವಾಸಿಗಳಲ್ಲೇ ಹೆಚ್ಚು. ಅಂದರೆ ಈ ಬಿರುದು ಕುಡಿದದ್ದನ್ನು ಅಳೆದು ಕೊಟ್ಟದ್ದಲ್ಲ. ನಮ್ಮಲ್ಲಿ ಇದು ಜಾತಿಗೆ ಅಂಟಿಕೊಂಡಿದೆ. ಹೇಗೆ ಅಂಟಿತು, ಅದರಿಂದ ಯಾರಿಗೆ ಲಾಭ, ದಲಿತ ವಿಮರ್ಶೆಗೆ ಇದು ಯಾಕೆ ಮುಖ್ಯ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಲೆಕ್ಕ ನೋಡೋಣ. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ, ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಮದ್ಯ ಸೇವಿಸುವವರು ಶೇ. 14.6. ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಕುಡಿಯುವವರು ಕುಡಿಯುವುದೇನನ್ನು? ನಾಡ ಸಾರಾಯಿ ಸುಮಾರು ಶೇ. 30, ವಿಸ್ಕಿ-ಬ್ರಾಂದಿಯಂಥ ‘ವಿದೇಶಿ’ ಮದ್ಯವೂ ಸುಮಾರು ಶೇ. 30. ಎರಡೂ ಸರಿಸಮ. ಆದರೂ ‘ಕುಡುಕ’ ಎಂದ ಕೂಡಲೇ ನಮ್ಮ ಕಣ್ಮುಂದೆ ಬರುವವನು ಚರಂಡಿ ಪಕ್ಕ ಬಿದ್ದವನೇ ಹೊರತು ಕ್ಲಬ್ಬಿನ ಕುರ್ಚಿಯಲ್ಲಿ ಕೂತವನಲ್ಲ. ಸಾಹೇಬರು ‘ಡ್ರಿಂಕ್ಸ್ ತಗೋತಾರೆ’, ಆಳು ‘ಕುಡೀತಾನೆ’. ಕ್ರಿಯಾಪದದಲ್ಲೇ ಜಾತಿ ಕೂತಿದೆ.

ಈ ‘ವಿದೇಶಿ ಮದ್ಯ’ ಎಂಬ ಹೆಸರೂ ತಮಾಷೆಯದು. ಸರ್ಕಾರಿ ಭಾಷೆಯಲ್ಲಿ ಅದು ‘ಭಾರತದಲ್ಲಿ ತಯಾರಾದ ವಿದೇಶಿ ಮದ್ಯ’. ನಮ್ಮ ಅಗ್ಗದ ವಿಸ್ಕಿ, ಬ್ರಾಂದಿಗಳಲ್ಲಿ ಬಹುಪಾಲು ತಯಾರಾಗುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್‌ನಿಂದ. ಧಾನ್ಯದಿಂದ ಮಾಡದ್ದನ್ನು ವಿಸ್ಕಿ ಎಂದು ಮಾರಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿದ್ದ ನಮ್ಮ ಸಾರಾಯಿಯ ಮೂಲವೂ ಅದೇ ಕಾಕಂಬಿ. ಒಂದನ್ನು ಹೆಚ್ಚು ಶುದ್ಧ ಮಾಡಿ ಬಣ್ಣ, ಪರಿಮಳ ಬೆರೆಸಿ ಇಂಗ್ಲಿಷ್ ಹೆಸರಿಟ್ಟರು. ಇನ್ನೊಂದನ್ನು ನೀರು ಬೆರೆಸಿ ಕೇರಿಯ ಬಾಯಿಗೆ ಬಿಟ್ಟರು. ಕಾಕಂಬಿಗೂ ನಾವು ವರ್ಣಾಶ್ರಮ ಹಚ್ಚಿದ್ದೇವೆ.

ಈಗ ಬಿರುದಿನ ಉಪಯೋಗಕ್ಕೆ ಬರೋಣ. ಕುಡಿದವನ ಮಾತು ಮಾತಲ್ಲ ಎನ್ನುವುದು ನಮ್ಮ ಲೋಕರೂಢಿ. ಅವನು ಸಾಕ್ಷಿಗೆ ಬರುವುದಿಲ್ಲ, ಪಂಚಾಯ್ತಿಗೆ ಬರುವುದಿಲ್ಲ. ಹಾಗಾದರೆ ಇಡೀ ಒಂದು ಜನವನ್ನೇ ಕುಡುಕರೆಂದು ಕರೆದರೆ ಏನಾಗುತ್ತದೆ? ಇಡೀ ಜನದ ಮಾತೇ ಲೆಕ್ಕಕ್ಕಿಲ್ಲದಂತಾಗುತ್ತದೆ. ಕೂಲಿ ಜಾಸ್ತಿ ಕೇಳಿದರೆ ‘ಕುಡಿಯೋಕೆ ಬೇಕಲ್ಲ ಅವ್ನಿಗೆ’. ಹೊಡೆದರು ಎಂದು ದೂರು ಕೊಡಲು ಹೋದರೆ ‘ಕುಡ್ಕಂಡು ಬಂದವ್ನೆ, ಬೆಳಿಗ್ಗೆ ಬಾ ಅನ್ರಿ’. ವಿದ್ಯಾರ್ಥಿವೇತನ ತಡವಾದ ಬಗ್ಗೆ ನಾನು ಮಾತೆತ್ತಿದಾಗ ಸಹೋದ್ಯೋಗಿಯೊಬ್ಬರು ನಗುತ್ತಲೇ ಹೇಳಿದರು: ‘ಬೇಗ ಕೊಟ್ರೆ ಏನ್ಮಾಡ್ತಾರ್ರೀ, ಅವರಪ್ಪ ಕುಡ್ದು ಹಾಕ್ತಾನೆ.’ ಆ ಅಪ್ಪನನ್ನು ಅವರು ಒಮ್ಮೆಯೂ ಕಂಡವರಲ್ಲ. ಕಾಣುವ ಅಗತ್ಯವೇ ಇಲ್ಲದಂತೆ ಮಾಡುವುದೇ ಈ ಬಿರುದಿನ ಕೆಲಸ.

ಕೇರಿಯಲ್ಲಿ ಕುಡಿತವಿಲ್ಲ ಎಂದು ನಾನು ವಾದಿಸುತ್ತಿಲ್ಲ. ಇದೆ, ಮನೆ ಮುರಿಯುವಷ್ಟು ಇದೆ. ಆದರೆ ಕಾರಣವನ್ನೂ ನೋಡಬೇಕು. ಮಲದ ಗುಂಡಿಗೆ ಇಳಿಯುವವರು ಕುಡಿಯದೆ ಆ ನಾತ ತಡೆಯಲಾಗದೆಂದು ಎಷ್ಟೋ ಸಲ ಹೇಳಿದ್ದಾರೆ. 1993 ಮತ್ತು 2013ರಲ್ಲಿ ಎರಡೆರಡು ಕಾನೂನು ಬಂದಮೇಲೂ ಅವರನ್ನು ಗುಂಡಿಗೆ ಇಳಿಸಿದ ಸಮಾಜ, ಅವರು ಮೇಲೆ ಬಂದಾಗ ಬಾಯಿ ಮೂಸಿ ನೋಡಿ ತೀರ್ಪು ಕೊಡುತ್ತದೆ.

ನಮ್ಮ ಸಾಹಿತ್ಯವೂ ಈ ರೂಢಿಯಿಂದ ಹೊರಗಿಲ್ಲ. 1930ರ ದಶಕದಲ್ಲಿ ಕನ್ನಡ ಬರವಣಿಗೆಯೊಳಕ್ಕೆ ಬಂದ ಇಬ್ಬರನ್ನು ನೆನೆಯಿರಿ. ಕಾರಂತರ ಚೋಮ ಭೂಮಿಗಾಗಿ ಹಂಬಲಿಸುತ್ತಾನೆ, ಕಳ್ಳು ಕುಡಿದು ದುಡಿ ಬಾರಿಸುತ್ತಾನೆ. ರಾಜರತ್ನಂ ಅವರ ರತ್ನ ಆಡುಮಾತಿನಲ್ಲಿ ಲೋಕವನ್ನೇ ಪ್ರಶ್ನಿಸುತ್ತಾನೆ, ಆದರೆ ಅವನು ‘ಎಂಡ್ಕುಡ್ಕ’. ಇಬ್ಬರನ್ನೂ ಬರೆದವರಲ್ಲಿ ಪ್ರೀತಿಯಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೂ ಓದುಗನಿಗೆ ಒಂದು ಸೌಲಭ್ಯ ಸಿಕ್ಕಿತು: ತಳದವನ ದುಃಖವನ್ನೂ ಜಾಣತನವನ್ನೂ ಹೆಂಡದ ಖಾತೆಗೆ ಬರೆದು ನೆಮ್ಮದಿಯಾಗಿರಬಹುದು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಈ ಸೌಲಭ್ಯ ಇಲ್ಲವಾಯಿತು. ಅಲ್ಲಿ ಸಿಟ್ಟಿತ್ತು, ಬೈಗುಳವಿತ್ತು, ಅಮಲಿನ ನೆಪವಿರಲಿಲ್ಲ. ಅನೇಕರನ್ನು ಬೆಚ್ಚಿಸಿದ್ದು ಬೈಗುಳವಲ್ಲ, ಬೈದವನು ಎಚ್ಚರವಾಗಿದ್ದಾನೆ ಎಂಬ ಅರಿವು ಎಂದು ನನಗನ್ನಿಸುತ್ತದೆ.

ಇನ್ನು ದುಡ್ಡಿನ ಮಾತು. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಯತ್ನಿಸಬೇಕೆಂದು ಪ್ರಭುತ್ವಕ್ಕೆ ಹೇಳುತ್ತದೆ. ಆದರೆ 2023-24ರಲ್ಲಿ ಕರ್ನಾಟಕದ ಖಜಾನೆಗೆ ಅಬಕಾರಿಯಿಂದ ಬಂದದ್ದು 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕೇರಿಯ ಗಂಡಸು ಪ್ಯಾಕೆಟ್ಟು ಬಿಟ್ಟು ಅಗ್ಗದ ಕ್ವಾರ್ಟರು ಹಿಡಿದ. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಸೀಮೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. 2023ರಲ್ಲಿ ಎಲ್ಲ ಸ್ತರದ ಮದ್ಯಕ್ಕೂ ಸುಂಕ ಏರಿಸಿದ ಸರ್ಕಾರ, 2024ರಲ್ಲಿ ದುಬಾರಿ ಬ್ರಾಂಡುಗಳ ಸುಂಕ ಮಾತ್ರ ಇಳಿಸಿತು. ಬೈಸಿಕೊಳ್ಳುವವನ ಕಿಸೆಯಿಂದ ಬಂದ ದುಡ್ಡಿಗೆ ಮಾತ್ರ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ.

ಹಾಗಾದರೆ ನಿಷೇಧವೇ ದಾರಿಯೆ? ಬಾಬಾಸಾಹೇಬರ ನಿಲುವು ಇಲ್ಲಿ ಕಣ್ತೆರೆಸುವಂಥದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ತಮ್ಮ ಜನಕ್ಕೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯುವುದಿಲ್ಲ ಎಂಬುದೂ ಒಂದು. ಆದರೆ ಅವರದೇ ಪರಿಶಿಷ್ಟ ಜಾತಿ ಒಕ್ಕೂಟದ 1951ರ ಪ್ರಣಾಳಿಕೆ ಸರ್ಕಾರಿ ಪಾನನಿಷೇಧವನ್ನು ಖಂಡಿಸಿತ್ತು: ಅದರಿಂದ ಅಭಿವೃದ್ಧಿಗೆ ಬೇಕಾದ ಆದಾಯ ಹೋಗುತ್ತದೆ, ಕಳ್ಳಭಟ್ಟಿ ಮನೆಮನೆಗೂ ಬರುತ್ತದೆ ಎಂದು. ಇದು ವಿರೋಧಾಭಾಸವಲ್ಲ. ನಾವಾಗಿ ಬಿಡುವುದು ಸ್ವಾಭಿಮಾನ. ಅವರು ಲಾಠಿ ಹಿಡಿದು ಬಿಡಿಸುವುದು ಇನ್ನೊಂದು ಯಜಮಾನಿಕೆ. 2016ರಲ್ಲಿ ನಿಷೇಧ ತಂದ ಬಿಹಾರದಲ್ಲಿ ಜೈಲು ತುಂಬಿದವರಲ್ಲಿ ಬಹಳಷ್ಟು ಜನ ದಲಿತರು, ಹಿಂದುಳಿದವರು. ಕಾನೂನಿನ ಬಿಸಿ ಬಡವರಿಗೇ ತಟ್ಟುತ್ತಿದೆಯೆಂದು ಪಾಟ್ನಾ ಹೈಕೋರ್ಟೇ 2024ರಲ್ಲಿ ಹೇಳಬೇಕಾಯಿತು.

1992ನೇ ಇಸವಿಯ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಆ ವರ್ಷ ಬಂದ ‘ಜೀವನ ಚೈತ್ರ’ದಲ್ಲಿ ಊರನ್ನು ಸಾರಾಯಿಯಿಂದ ಬಿಡಿಸುವವನು ಜಮೀನ್ದಾರ. ರಾಜ್‌ಕುಮಾರ್ ಅವರ ಮೇಲಿನ ಅಭಿಮಾನ ನನಗೂ ಇದೆ. ಆದರೆ ಆ ಕತೆಯಲ್ಲಿ ಕುಡಿದವರು ಉದ್ಧಾರವಾಗಬೇಕಾದವರು ಅಷ್ಟೆ. ಅದೇ ವರ್ಷ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗೆ ಬಂದ ಕೂಲಿ ಹೆಂಗಸರು ತಾವೇ ಸಾರಾಯಿ ಅಂಗಡಿ ಮುಚ್ಚಿಸಿದರು. ದೂಬಗುಂಟ ರೋಸಮ್ಮನ ಹೆಸರು ನಾಡಿಗೆಲ್ಲ ಹರಡಿತು. ಹರಾಜುಗಳಿಗೆ ಅಡ್ಡ ಕೂತರು. 1993ರ ಅಕ್ಟೋಬರ್‌ನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಆ ಹೆಂಗಸರು ಗಂಡನನ್ನು ಕುಡುಕನೆಂದು ಬೈದು ಸುಮ್ಮನಾಗಲಿಲ್ಲ. ಮಾರುವವನು ಯಾರು, ಹರಾಜು ಕೂಗಿಸುವವನು ಯಾರು ಎಂದು ಕೇಳಿದರು. ನಮ್ಮ ದಲಿತ ಸಂಘರ್ಷ ಸಮಿತಿಯೂ ಹೆಂಡ ಬೇಡ ಎಂದದ್ದರ ಜೊತೆಗೇ ವಸತಿ ಶಾಲೆ ಬೇಕೆಂದಿತು. ಬರಿಯ ‘ಬೇಡ’ ಉಪದೇಶ; ‘ಬೇಕು’ ಸೇರಿದಾಗ ಅದು ರಾಜಕೀಯ.

ಆದ್ದರಿಂದ ಕತೆಯಲ್ಲೋ ಸಿನಿಮಾದಲ್ಲೋ ಪತ್ರಿಕೆಯ ವರದಿಯಲ್ಲೋ ಕುಡಿದ ದಲಿತನೊಬ್ಬ ಎದುರಾದಾಗ ದಲಿತ ವಿಮರ್ಶಕ ಕೇಳಬೇಕಾದ ಪ್ರಶ್ನೆ, ‘ಇದು ನಿಜವೋ ಸುಳ್ಳೋ’ ಎಂಬುದಲ್ಲ. ನಿಜವೂ ಇರಬಹುದು. ಅವನು ಆಗ ಏನು ಹೇಳುತ್ತಿದ್ದ, ಅವನ ಅಮಲನ್ನು ಮುಂದೆ ಮಾಡಿ ಆ ಮಾತನ್ನು ತಳ್ಳಿಹಾಕಿದವರು ಯಾರು ಎಂದು ಕೇಳಬೇಕು. ಬಹಳ ಸಲ ಆ ಮಾತು ಕೂಲಿಯದು, ಭೂಮಿಯದು, ಇಲ್ಲವೇ ಪೆಟ್ಟು ತಿಂದದ್ದರದು. ಅದನ್ನು ಎತ್ತಿ ಬರೆದಿಡುವುದು ನಮ್ಮ ಕೆಲಸ.